ಕೋಟೆಯನ್ನು ಅರ್ಧರ್ಧ ಹಂಚಿಕೊಳ್ಳುವ ಮೊದಲು ಅಂಚನ್ನು ಒಪ್ಪಿಕೊಳ್ಳಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಲೆಗೋದಂಥ ಆಟಿಕೆ ಇಟ್ಟಿಗೆಗಳಿಂದ ಕಡಲ್ಗಳ್ಳರ ಕಾಲದ ಕೋಟೆ ಕಟ್ಟುವ ಬಗ್ಗೆ ಬಂದ ಬರಹ ಓದಿದೆವು. ಮಕ್ಕಳದೆಂದು ಎಲ್ಲರೂ ತಳ್ಳಿಹಾಕುವ ಈ ಕೆಲಸಕ್ಕೆ ಒಂದಿಡೀ ಪುಟ ಕೊಟ್ಟದ್ದು ಸಂತೋಷ. ಆದರೆ ಅದರಲ್ಲಿ ಜೋಡಿಯಾಗಿ ಕಟ್ಟುವವರಿಗೆ ಕೊಟ್ಟ ಸಲಹೆ ಸರಿಯಿಲ್ಲ. ಕೋಟೆಯನ್ನು ಅರ್ಧರ್ಧ ಹಂಚಿಕೊಂಡು, ತಂತಮ್ಮ ಮನೆಯಲ್ಲಿ ಕಟ್ಟಿ, ಕೊನೆಗೆ ತಂದು ಜೋಡಿಸಿ ಎಂದು ಅಲ್ಲಿ ಹೇಳಿದೆ. ಹಾಗೆ ಮಾಡಿದವರು ಜೋಡಿಸುವ ದಿನ ತಲೆಯ ಮೇಲೆ ಕೈ ಹೊತ್ತು ಕೂರಬೇಕಾಗುತ್ತದೆ. ಒಬ್ಬರ ಅಂಗಳ ಇನ್ನೊಬ್ಬರದಕ್ಕಿಂತ 3 ಮಿಲಿಮೀಟರ್ ಎತ್ತರ, ಒಬ್ಬರ ಗೋಡೆ ಇನ್ನೊಬ್ಬರದಕ್ಕಿಂತ ಎರಡು ಗುಬಟಿನಷ್ಟು ಒಳಗೆ, ಬಣ್ಣವಂತೂ ಬೂದಿಗೂ ಸಿಮೆಂಟಿಗೂ ಇರುವಷ್ಟು ಬೇರೆ. ಮೊದಲು ಒಪ್ಪಿಕೊಳ್ಳಬೇಕಾದದ್ದು ಯಾರಿಗೆ ಯಾವ ಭಾಗ ಎಂಬುದನ್ನಲ್ಲ, ಎರಡು ಭಾಗ ಸೇರುವ ಅಂಚನ್ನು. ಒಳಗೆ ಯಾರು ಏನು ಬೇಕಾದರೂ ಕಟ್ಟಿಕೊಳ್ಳಲಿ.

ಲೆಕ್ಕಕ್ಕೆ ಇಳಿಯುವ ಮೊದಲು ಅಳತೆಗಳು. ಇಟ್ಟಿಗೆಯ ತಲೆಯ ಮೇಲಿನ ಗುಬಟಿಗೆ ಸ್ಟಡ್ ಎನ್ನುತ್ತಾರೆ. ಒಂದು ಸ್ಟಡ್‌ನ ನಡುವಿನಿಂದ ಪಕ್ಕದ ಸ್ಟಡ್‌ನ ನಡುವಿಗೆ 8 ಮಿ.ಮೀ. ಇಟ್ಟಿಗೆಯ ಎತ್ತರ 9.6 ಮಿ.ಮೀ., ಪ್ಲೇಟ್ ಎಂಬ ತೆಳು ತುಣುಕಿನದು 3.2. ಅಂದರೆ ಮೂರು ಪ್ಲೇಟ್ ಸೇರಿದರೆ ಒಂದು ಇಟ್ಟಿಗೆ, ಐದು ಪ್ಲೇಟ್ ಸೇರಿದರೆ ಸರಿಯಾಗಿ ಎರಡು ಸ್ಟಡ್‌ನಷ್ಟು ಉದ್ದ. ಎತ್ತರವನ್ನು ಯಾವಾಗಲೂ ಪ್ಲೇಟಿನ ಲೆಕ್ಕದಲ್ಲೇ ಬರೆದುಕೊಳ್ಳಿ. ‘ಆರು ಇಟ್ಟಿಗೆ ಎತ್ತರ’ ಎಂದು ಫೋನಿನಲ್ಲಿ ಹೇಳಿದರೆ ತಳದ ಪ್ಲೇಟ್ ಅದರಲ್ಲಿ ಸೇರಿತೇ ಇಲ್ಲವೇ ಎಂಬುದು ತಿಳಿಯುವುದಿಲ್ಲ, ಜಗಳ ಶುರುವಾಗುವುದೇ ಅಲ್ಲಿ.

ಕೋಟೆಯ ನಕ್ಷೆಗೆ ನಿಜವಾದ ಮಾದರಿಯೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಫ್ಲಾರಿಡಾದ ಸೇಂಟ್ ಅಗಸ್ಟೀನ್‌ನಲ್ಲಿ ಸ್ಪೇನಿನವರು 1672ರಲ್ಲಿ ಶುರುಮಾಡಿ 1695ರಲ್ಲಿ ಮುಗಿಸಿದ ಕಾಸ್ಟಿಯೋ ಡಿ ಸಾನ್ ಮಾರ್ಕೋಸ್ ಇದಕ್ಕೆ ಹೇಳಿ ಮಾಡಿಸಿದಂತಿದೆ. ಚೌಕಾಕಾರ, ನಾಲ್ಕು ಮೂಲೆಗೆ ನಾಲ್ಕು ಕೊತ್ತಲ, ನಡುವೆ ಅಂಗಳ, ಅಂಗಳದ ಸುತ್ತ ಕೋಣೆಗಳು, ಕೋಣೆಗಳ ಮೇಲೆ ತೋಪಿನ ಅಟ್ಟ. 1668ರಲ್ಲಿ ಕಡಲ್ಗಳ್ಳರು ಊರನ್ನು ಲೂಟಿ ಮಾಡಿದ ಮೇಲೆ ಮರದ ಕೋಟೆ ಸಾಲದೆಂದು ಎಬ್ಬಿಸಿದ ಕಲ್ಲಿನ ಕೋಟೆ ಅದು. ಕಟ್ಟಿದ್ದು ಚಿಪ್ಪುಗಳು ಬೆಸೆದುಕೊಂಡು ಆದ ಕೊಕೀನಾ ಎಂಬ ಮೆದುಗಲ್ಲಿನಿಂದ. 1702ರಲ್ಲಿ ಇಂಗ್ಲಿಷರು ಮುತ್ತಿಗೆ ಹಾಕಿದಾಗ ಗುಂಡುಗಳು ಅದರಲ್ಲಿ ಹೂತುಕೊಂಡವೇ ಹೊರತು ಗೋಡೆ ಬಿರಿಯಲಿಲ್ಲ. ನಿಮ್ಮ ಬರಹದ ಜೊತೆಗಿದ್ದ ಚಿತ್ರದಲ್ಲಿ ಎತ್ತರದ ತೆಳು ಗೋಪುರಗಳಿವೆ. ಅವು ಬಿಲ್ಲುಬಾಣದ ಕಾಲದವು. ತೋಪಿನ ಕಾಲದ ಕೋಟೆ ತಗ್ಗಾಗಿ, ದಪ್ಪಗೆ, ಇಳಿಜಾರು ಗೋಡೆಯಿಂದ ಕೂಡಿರುತ್ತದೆ. ಮಂಗಳೂರಿನಲ್ಲಿರುವವರು 1784ರ ಸುಲ್ತಾನ್ ಬತೇರಿಯ ತೋಪಿನ ಕಂಡಿಗಳನ್ನು ಒಮ್ಮೆ ಹತ್ತಿರದಿಂದ ನೋಡಿ ಬರಲಿ, ಕಾಲ ನೂರು ವರ್ಷ ಈಚಿನದಾದರೂ ನದಿಯಿಂದ ನುಗ್ಗುವ ಹಡಗಿಗೆ ಗುರಿಯಿಡುವ ಉಪಾಯ ಅದೇ. ಅಂದಹಾಗೆ ಇದನ್ನು ‘ಕಡಲ್ಗಳ್ಳರ ಕೋಟೆ’ ಎಂದು ಕರೆಯುವುದೂ ತಪ್ಪು. ಕಡಲ್ಗಳ್ಳರು ಇರುವುದು ಕೋಟೆಯ ಹೊರಗೆ.

ನಾಲ್ಕು ಮೂಲೆಯ ಚೌಕವಾದ್ದರಿಂದ ನಾಲ್ಕು ಮಾಡ್ಯೂಲ್, ಅಂದರೆ ಬೇರೆಬೇರೆಯಾಗಿ ಕಟ್ಟಿ ಕೊನೆಗೆ ಸೇರಿಸುವ ಭಾಗಗಳು. ಒಂದೊಂದೂ 32×32 ಸ್ಟಡ್, ನಾಲ್ಕೂ ಸೇರಿದರೆ 64×64, ಅಂದರೆ ಅರ್ಧ ಮೀಟರಿಗಿಂತ ತುಸು ಹೆಚ್ಚಿನ ಚೌಕ. ಮಧ್ಯಮ ವರ್ಗದ ಮನೆಯ ಊಟದ ಮೇಜಿಗೆ ಇಷ್ಟು ಸಾಕು. ತಳಕ್ಕೆ ಅಗಲವಾದ ಒಂದೇ ಹಾಳೆಯಂಥ ಬೇಸ್‌ಪ್ಲೇಟ್ ಬೇಡ. ಅದರ ಅಡಿ ಬೋಳು, ಏನೂ ಕಚ್ಚಿಕೊಳ್ಳುವುದಿಲ್ಲ, ಎತ್ತಿದರೆ ಬಳುಕಿ ಮೇಲಿನ ಗೋಡೆ ಬಿಡುತ್ತದೆ. 16×16 ಪ್ಲೇಟ್ ನಾಲ್ಕನ್ನು ಸೇರಿಸಿ, ಸೇರುವ ಗೆರೆಯ ಮೇಲೆ ಆಚೆಗೆ ಎರಡು ಈಚೆಗೆ ಎರಡು ಸ್ಟಡ್ ಹಿಡಿಯುವಂತೆ ಇಟ್ಟಿಗೆ ಹೊಲಿದರೆ ತಳ ಹಲಗೆಯಂತಾಗುತ್ತದೆ. ಹೀಗೆ ಕೋಟೆಗೆ ಬೇಕಾದದ್ದು 16 ಪ್ಲೇಟ್.

ಇನ್ನು ಅಂಚು. ಒಂದು ಚೀಟಿಯಲ್ಲಿ ಇಷ್ಟನ್ನು ಬರೆದು ಇಬ್ಬರೂ ಇಟ್ಟುಕೊಳ್ಳಬೇಕು. ಹೊರಗಿನ ನೀರಿನ ಅಂಚಿನಿಂದ ಎಣಿಸಿದರೆ 1ರಿಂದ 6ನೆಯ ಸ್ಟಡ್ ನೀರು, 7ರಿಂದ 10 ಬಂಡೆ, 11 ಮತ್ತು 12 ಹೊರಗೋಡೆ, ಅಲ್ಲಿಂದ ಒಳಗೆ ಕೋಣೆ ಮತ್ತು ಅಂಗಳ. ಎತ್ತರ: ತಳದ ಪ್ಲೇಟ್ ಸೇರಿ ಅಂಗಳದ ಮಟ್ಟ 17 ಪ್ಲೇಟ್ (ತಳ 1, ಐದು ಇಟ್ಟಿಗೆಯದು 15, ಮೇಲಿನ ಹೊದಿಕೆ 1). ತೋಪಿನ ಅಟ್ಟದ ಮಟ್ಟ 35 ಪ್ಲೇಟ್. ಕೋಣೆಯ ಗೋಡೆ ಐದು ಇಟ್ಟಿಗೆ, ಅದರ ಮೇಲೆ ಎರಡು ಪ್ಲೇಟ್, ಒಂದು ನುಣುಪು ಟೈಲ್ (ಸ್ಟಡ್ ಇಲ್ಲದ, ಪ್ಲೇಟಿನಷ್ಟೇ ದಪ್ಪದ ತುಣುಕು), ಒಟ್ಟು 18, ಅದಕ್ಕೆ 17 ಕೂಡಿಸಿದರೆ 35. ಹೊರಗೋಡೆ ಆರು ಇಟ್ಟಿಗೆ, ಅದೂ 18 ಪ್ಲೇಟೇ, ಹಾಗಾಗಿ ಅಟ್ಟ ಮತ್ತು ಗೋಡೆ ಸಮಮಟ್ಟಕ್ಕೆ ಬರುತ್ತವೆ. ಅದರ ಮೇಲೆ ಒಂದು ಇಟ್ಟಿಗೆಯ ಕೈಪಿಡಿಗೋಡೆ, ಒಂದು ಇಟ್ಟಿಗೆಯ ತೆನೆ (ಗೋಡೆಯ ನೆತ್ತಿಯ ಹಲ್ಲುಸಾಲು).

ಜೋಡಣೆಗೆ ತೂತಿರುವ ಟೆಕ್ನಿಕ್ ಇಟ್ಟಿಗೆ ಮತ್ತು ಪಿನ್. ತಳದ ಪ್ಲೇಟಿನ ಮೇಲಿನ ಮೊದಲ ವರಸೆಯಲ್ಲಿ, ನೀರಿನ ಕಡೆಯಿಂದ 13–14ನೆಯ ಸ್ಟಡ್ ಮೇಲೊಂದು, 27–28ರ ಮೇಲೊಂದು. ಪ್ರತಿ ಮಾಡ್ಯೂಲಿನಲ್ಲೂ ಒಳಗಿನ ಅಂಚು ಎರಡೇ, ಆದ್ದರಿಂದ ಮಾಡ್ಯೂಲಿಗೆ 4, ಕೋಟೆಗೆ 16 ತೂತಿನ ಇಟ್ಟಿಗೆ, 8 ಪಿನ್ ಸಾಕು. ಇಷ್ಟು ಸಣ್ಣ ವಿಷಯದಲ್ಲೇ ಮೂರು ರೀತಿ ಎಡವಬಹುದು. ಒಂದು, 1×2 ಟೆಕ್ನಿಕ್ ಇಟ್ಟಿಗೆಯಲ್ಲಿ ಎರಡು ಬಗೆ. ಒಂದು ತೂತಿನದರಲ್ಲಿ ತೂತು ಎರಡು ಸ್ಟಡ್‌ಗಳ ನಡುವೆ ಇರುತ್ತದೆ, ಎರಡು ತೂತಿನದರಲ್ಲಿ ನೇರ ಸ್ಟಡ್‌ನ ಕೆಳಗೆ. ಒಬ್ಬರು ಅದು, ಇನ್ನೊಬ್ಬರು ಇದು ಹಾಕಿದರೆ ಅರ್ಧ ಸ್ಟಡ್ ತಪ್ಪಿ ಪಿನ್ ಎದುರಿನ ಇಟ್ಟಿಗೆಗೆ ಬಡಿಯುತ್ತದೆ. ಚೀಟಿಯಲ್ಲಿ ‘ಒಂದು ತೂತಿನದು’ ಎಂದು ಬರೆಯಿರಿ. ಎರಡು, ಒಬ್ಬರು ನೀರಿನಿಂದ, ಇನ್ನೊಬ್ಬರು ಕೋಟೆಯ ನಡುವಿನಿಂದ ಎಣಿಸುವುದು. ನಡುವಿನಿಂದ 13–14 ಎಂದರೆ ನೀರಿನಿಂದ 19–20. ಮೂರು, ತಳ ಗಟ್ಟಿಯಾಗಲೆಂದು ಒಬ್ಬರು ಗುಟ್ಟಾಗಿ ಎರಡನೆಯ ಪ್ಲೇಟ್ ಹಾಕಿಬಿಡುವುದು. ಆಗ ತೂತು 3.2 ಮಿ.ಮೀ. ಮೇಲಕ್ಕೆ ಹೋಗುತ್ತದೆ. ತಳ ಗಟ್ಟಿ ಮಾಡಬೇಕೆನಿಸಿದರೆ ಇಬ್ಬರೂ ಮಾಡಬೇಕು, ಇಲ್ಲ ಯಾರೂ ಮಾಡಬಾರದು.

ಪಿನ್ ಕಪ್ಪು ಬಣ್ಣದ ಬಿಗಿಯಾದದ್ದು ಬೇಡ, ಬೂದು ಬಣ್ಣದ ಸಡಿಲದ್ದು ಇರಲಿ. ಬಿಗಿ ಪಿನ್ ಎಳೆಯುವಾಗ ಪಿನ್ ಬರುವುದಿಲ್ಲ, ಬಂಡೆ ಬರುತ್ತದೆ. ತೂತಿನ ಇಟ್ಟಿಗೆಯ ಹಿಂದೆ ಎರಡು ಸ್ಟಡ್ ಜಾಗ ಖಾಲಿ ಬಿಟ್ಟರೆ ಒಳಗೆ ಸಿಕ್ಕಿಕೊಂಡ ಪಿನ್ನನ್ನು ಹಿಂದಿನಿಂದ ತಳ್ಳಬಹುದು.

ಜೋಡಿಸುವ ಕ್ರಮವನ್ನೂ ಹೇಳಬೇಕು, ಯಾಕೆಂದರೆ ಎಲ್ಲವೂ ಸರಿಯಿದ್ದೂ ಇಲ್ಲಿ ಕೋಟೆ ಒಡೆದದ್ದುಂಟು. ಮೂರು ಮಾಡ್ಯೂಲ್ ಜೋಡಿಸಿ ನಾಲ್ಕನೆಯದನ್ನು ಮೂಲೆಗೆ ಕೂರಿಸಲು ಹೋದರೆ ಅದು ಕೂರುವುದಿಲ್ಲ. ಎರಡು ಪಿನ್ ಪೂರ್ವಕ್ಕೆ ಮುಖ ಮಾಡಿವೆ, ಇನ್ನೆರಡು ದಕ್ಷಿಣಕ್ಕೆ. ಒಂದು ಮಾಡ್ಯೂಲ್ ಏಕಕಾಲಕ್ಕೆ ಎರಡು ದಿಕ್ಕಿಗೆ ಜಾರುವುದು ಸಾಧ್ಯವಿಲ್ಲ. ಬಲ ಹಾಕಿದರೆ ಅಂಚಿನ ಇಟ್ಟಿಗೆ ಕಿತ್ತು ಬರುತ್ತದೆ. ಮೊದಲು ಎರಡೆರಡನ್ನು ಜೋಡಿ ಮಾಡಿ, ಆಮೇಲೆ ಜೋಡಿಗೆ ಜೋಡಿಯನ್ನು ಮೇಜಿನ ಮೇಲೆ ಜಾರಿಸಿ ಸೇರಿಸಿ. ಬಿಚ್ಚುವಾಗಲೂ ಅಷ್ಟೇ, ಹಿಂದುಮುಂದಾಗಿ. ಇದಕ್ಕೆ ಇಬ್ಬರೂ ಬೇಕು, ಒಬ್ಬರು ತಳವನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ತಳ್ಳಬೇಕು. ಗೋಡೆ ಹಿಡಿದು ತಳ್ಳಬಾರದು.

ಎಲ್ಲ ಅಂಚುಗಳೂ ಒಂದೇ ಅಳತೆಯವಾದ್ದರಿಂದ ಒಂದು ಲಾಭವಿದೆ. ಯಾವ ಮಾಡ್ಯೂಲನ್ನೂ ತಿರುಗಿಸಿ ಯಾವ ಮೂಲೆಗಾದರೂ ಇಡಬಹುದು. ಇಡೀ ಕೋಟೆಯನ್ನು ತಿರುಗಿಸಿದ್ದನ್ನು ಬೇರೆ ಎಂದು ಎಣಿಸದಿದ್ದರೂ ಆರು ವಿನ್ಯಾಸ ಸಿಗುತ್ತವೆ. ಲೆಗೋ ಕಂಪನಿಯೇ 1989ರ ತನ್ನ ಎಲ್ಡೊರಾಡೊ ಕೋಟೆಯನ್ನು 2023ರಲ್ಲಿ 2,509 ತುಣುಕುಗಳ ದೊಡ್ಡ ಸೆಟ್ ಆಗಿ ಮತ್ತೆ ತಂದಾಗ ಅದನ್ನು ಬೇರ್ಪಡಿಸಿ ಬೇರೆ ಕ್ರಮದಲ್ಲಿ ಜೋಡಿಸುವಂತೆ ಮಾಡಿತು. ಹಳೆಯದು ಅಚ್ಚಿನಲ್ಲಿ ಮಾಡಿದ ಗುಡ್ಡದಂಥ ಒಂದೇ ತಳದ ಮೇಲೆ ನಿಂತಿತ್ತು, ಹಾಗಾಗಿ ಅದನ್ನು ಹೀಗೆ ಬೇರ್ಪಡಿಸುವ ಮಾತೇ ಇರಲಿಲ್ಲ.

ಕಟ್ಟಲು ಕೂರುವ ಮೊದಲು ಒಂದು ಸಂಜೆ ಅಂಚಿನ ಪಟ್ಟಿ ಮಾಡಿ. ನಾಲ್ಕು ಸ್ಟಡ್ ಅಗಲ, 32 ಸ್ಟಡ್ ಉದ್ದದ ಒಂದು ತುಂಡು. ಅದರ ಮೇಲೆ ನೀರು, ಬಂಡೆ, ಗೋಡೆ, ಅಂಗಳ ಎಲ್ಲವೂ ಚೀಟಿಯ ಅಳತೆಯಲ್ಲೇ. ಇಬ್ಬರೂ ತಮ್ಮ ತಮ್ಮ ಪೆಟ್ಟಿಗೆಯ ಇಟ್ಟಿಗೆಯಲ್ಲೇ ಮಾಡಬೇಕು. ಎರಡೂ ಪಟ್ಟಿಯನ್ನು ಪಿನ್ ಹಾಕಿ ಬೆನ್ನಿಗೆ ಬೆನ್ನು ಸೇರಿಸಿ, ಸಂದಿನ ಮೇಲೆ ಅಡ್ಡಕ್ಕೆ ಉಗುರು ಎಳೆಯಿರಿ. ನೀರಿನ ಟೈಲಿನ ಮೇಲೆ ಉಗುರು ಜಾರಬೇಕು, ಅಂಗಳದ ಟೈಲಿನ ಮೇಲೆ ಜಾರಬೇಕು, ಗೋಡೆಯ ಮೈಮೇಲೂ ಜಾರಬೇಕು. ಎಲ್ಲಾದರೂ ತಡೆದರೆ ಆ ಜಾಗದ ಲೆಕ್ಕ ತಪ್ಪಿದೆ. ಐವತ್ತು ಅರವತ್ತು ಇಟ್ಟಿಗೆಯ ಈ ಪಟ್ಟಿಯಲ್ಲಿ ಸಿಕ್ಕಿಬೀಳುವ ತಪ್ಪು ಎರಡು ಸಾವಿರ ಇಟ್ಟಿಗೆ ಕಟ್ಟಿದ ಮೇಲೆ ಸಿಕ್ಕರೆ ಯಾರಿಗೂ ಬಿಚ್ಚುವ ಮನಸ್ಸಾಗುವುದಿಲ್ಲ.

ಪಟ್ಟಿಯಲ್ಲಿ ಹೆಚ್ಚಾಗಿ ತಪ್ಪುವುದು ಬಂಡೆ. 45 ಡಿಗ್ರಿಯ ಇಳಿಜಾರು ಇಟ್ಟಿಗೆ ಒಂದು ವರಸೆ ಏರಿದರೆ ಒಂದು ಸ್ಟಡ್ ಹಿಂದೆ ಸರಿಯುತ್ತದೆ, 33 ಡಿಗ್ರಿಯದು ಎರಡು ಸ್ಟಡ್. ಬಂಡೆಗೆ ಇರುವುದು ನಾಲ್ಕು ಸ್ಟಡ್ ಜಾಗ. ಮೊದಲನೆಯದರಲ್ಲಿ ಅಷ್ಟರಲ್ಲೇ ನಾಲ್ಕು ಇಟ್ಟಿಗೆ ಏರಬಹುದು, ಎರಡನೆಯದರಲ್ಲಿ ಎರಡೇ. ಒಬ್ಬರು ಅದನ್ನೂ ಇನ್ನೊಬ್ಬರು ಇದನ್ನೂ ಬಳಸಿದರೆ ಸಂದಿನಲ್ಲಿ ಎರಡು ಇಟ್ಟಿಗೆ ಎತ್ತರದ ಮೆಟ್ಟಿಲು. ಅಂಚಿನ ನಾಲ್ಕು ಸ್ಟಡ್‌ನಲ್ಲಿ 45 ಮಾತ್ರ ಎಂದು ಗೊತ್ತು ಮಾಡಿಕೊಂಡು, ಅಂಚು ದಾಟಿದ ಮೇಲೆ ಬೇಕಾದ್ದು ಬೆರೆಸಿ. ನಮ್ಮನ್ನು ಕೇಳಿದರೆ ನಾಲ್ಕೂ ಮಾಡ್ಯೂಲಿನ ಬಂಡೆ ಮತ್ತು ನೀರನ್ನು ಒಬ್ಬರೇ ಮಾಡುವುದು ಮೇಲು. ಬಂಡೆಗೆ ಕೈಬರಹ ಇದ್ದಂತೆ, ಇಬ್ಬರದು ಒಂದೇ ಥರ ಬರುವುದಿಲ್ಲ. ಗೋಡೆ ಹಾಗಲ್ಲ, ಅದನ್ನು ಹಂಚಿಕೊಳ್ಳಬಹುದು.

ನೀರಿಗೆ 2×2 ನೀಲಿ ಟೈಲ್. ಎರಡು ಹೊರ ಅಂಚಿನಲ್ಲಿ ಆರು ಸ್ಟಡ್ ಅಗಲ ಎಂದರೆ ಮಾಡ್ಯೂಲಿಗೆ 348 ಸ್ಟಡ್, ಸರಿಯಾಗಿ 87 ಟೈಲ್, ಕತ್ತರಿಸಿದ ಚೂರು ಬೇಕಿಲ್ಲ. ನಾಲ್ಕು ಮಾಡ್ಯೂಲಿಗೆ 348 ಟೈಲ್. ಬಂಡೆ ಅಲ್ಲಲ್ಲಿ ನೀರಿಗೆ ಇಳಿದರೆ ಇನ್ನೂ ಕಡಿಮೆ ಸಾಕು.

ಬಂಡೆಯ ಒಳಗೆ ತುಂಬಬೇಡಿ, ಟೊಳ್ಳು ಇರಲಿ. ಅಂಗಳದ ಹೊದಿಕೆಯ ಪ್ಲೇಟ್‌ಗಳು ಎಲ್ಲಿ ಒಂದಕ್ಕೊಂದು ತಾಗುತ್ತವೋ ಆ ಗೆರೆಯ ನೇರ ಕೆಳಗೆ 2×4 ಇಟ್ಟಿಗೆಯ ಕಂಬ ಬರಬೇಕು, ಎರಡೂ ಪ್ಲೇಟಿಗೆ ತಲಾ ಎರಡು ಸ್ಟಡ್ ಸಾಲು ಸಿಗುವಂತೆ. ಕಂಬ ಗೆರೆಯ ಪಕ್ಕಕ್ಕಿದ್ದರೆ ಅಂಗಳದ ಮೇಲೆ ಗೊಂಬೆ ಒತ್ತಿದ ತಕ್ಷಣ ಒಂದು ಪ್ಲೇಟ್ ಕುಸಿಯುತ್ತದೆ.

ಹೊರಗೋಡೆ ಎರಡು ಸ್ಟಡ್ ದಪ್ಪ. ಕಂಡಿಬಾಗಿಲು ಲೆಕ್ಕಕ್ಕೆ ಹಿಡಿಯದಿದ್ದರೆ ಒಂದು ಮಾಡ್ಯೂಲಿನಲ್ಲಿ ವರಸೆಗೆ 84 ಸ್ಟಡ್, ಆರು ವರಸೆಗೆ 2×4 ಲೆಕ್ಕದಲ್ಲಿ 63 ಇಟ್ಟಿಗೆ. ನಿಜವಾಗಿ ಕಟ್ಟುವಾಗ ಸಂದಿನ ಮೇಲೆ ಸಂದು ಬೀಳದಂತೆ 2×3, 2×2 ಬೆರೆಸಬೇಕು, ಗಾರೆಯವರಿಗೆ ಗೊತ್ತಿರುವ ಮಾತೇ. ಕೊತ್ತಲಕ್ಕೆ ಮೂಲೆಯನ್ನು ಓರೆಯಾಗಿ ಕತ್ತರಿಸಿದಂತೆ ಕಟ್ಟಬೇಕು. ನಿಜದ ಕೊತ್ತಲ ಬಾಣದ ಮೊನೆಯಂತೆ ಹೊರಚಾಚುತ್ತದೆ, 32 ಸ್ಟಡ್‌ನಲ್ಲಿ ಅದಕ್ಕೆ ಜಾಗವಿಲ್ಲ, ಓರೆಯಲ್ಲೇ ತೃಪ್ತಿಪಡಬೇಕು. ಓರೆ ಗೋಡೆಯ ಎರಡು ತುದಿಗೂ ಮಡಚುವ ಹಿಂಜ್ ಪ್ಲೇಟ್ ಹಾಕಿ. ಇಲ್ಲಿ ಶಾಲೆಯ ಗಣಿತ ಕೆಲಸಕ್ಕೆ ಬರುತ್ತದೆ. ಆ ಕಡೆ 12, ಈ ಕಡೆ 12 ಸ್ಟಡ್ ಬಿಟ್ಟರೆ ಓರೆಯ ಉದ್ದ 16.97, ಅದನ್ನು 17 ಎಂದು ಹಿಡಿದರೆ ತಪ್ಪು ಕಾಲು ಮಿಲಿಮೀಟರಿಗೂ ಕಡಿಮೆ, ಹಿಂಜ್ ಅದನ್ನು ನುಂಗಿಕೊಳ್ಳುತ್ತದೆ. 5 ಮತ್ತು 5 ಬಿಟ್ಟು 7 ಹಾಕಿದರೆ ತಪ್ಪು ಅರ್ಧ ಮಿಲಿಮೀಟರ್ ದಾಟುತ್ತದೆ, ನಾಲ್ಕು ವರಸೆ ಏರುವಷ್ಟರಲ್ಲಿ ಗೋಡೆ ತಿರುಚಿಕೊಳ್ಳುತ್ತದೆ. ಎಣಿಕೆ ಹಿಂಜ್ ತಿರುಗುವ ಬಿಂದುವಿನಿಂದ ಇರಬೇಕು, ಇಟ್ಟಿಗೆಯ ಅಂಚಿನಿಂದಲ್ಲ. ಓರೆ ಗೋಡೆಯ ಹಿಂದೆ ಉಳಿಯುವ ಮುಕ್ಕೋನದ ಖಾಲಿಯನ್ನು ಅಟ್ಟದ ಪ್ಲೇಟ್ ಮೇಲಿನಿಂದ ಮುಚ್ಚುತ್ತದೆ.

ಕೋಣೆಗಳ ಎತ್ತರ ಐದು ಇಟ್ಟಿಗೆ, ಟೋಪಿ ಹಾಕಿದ ಸಿಪಾಯಿ ಗೊಂಬೆ ಅದರಲ್ಲಿ ನಿಲ್ಲುತ್ತದೆ. ಆದರೆ ಎಲ್ಲರ ಪೆಟ್ಟಿಗೆಯಲ್ಲೂ ಇರುವ ಬಾಗಿಲ ಚೌಕಟ್ಟು ಆರು ಇಟ್ಟಿಗೆ ಎತ್ತರದ್ದು, ಹಿಡಿಯುವುದಿಲ್ಲ. ಐದನೆಯ ವರಸೆಯಲ್ಲಿ 1×4 ಕಮಾನು ಇಟ್ಟಿಗೆ ಹಾಕಿ ಬಾಗಿಲು ತೆರೆದಿಡಿ, ನೋಡಲೂ ಅದೇ ಚಂದ. ತೋಪಿನ ಅಟ್ಟವೇ ಕೋಣೆಯ ಸೂರು, ಆದ್ದರಿಂದ ಅದು ಎತ್ತಲು ಬರಬೇಕು. ಕೋಣೆಯ ಗೋಡೆಯ ನೆತ್ತಿಗೆಲ್ಲ ಟೈಲ್ ಹಾಕಿ, ಮೂಲೆಗಳಲ್ಲಿ ಮಾತ್ರ ಟೈಲಿನ ಬದಲು 1×1 ಪ್ಲೇಟ್ ಹಾಕಿ ನಾಲ್ಕು ಸ್ಟಡ್ ತೆರೆದಿಟ್ಟರೆ ಅಟ್ಟ ಅಲುಗಾಡದೆ ಕೂರುತ್ತದೆ, ಎರಡು ಬೆರಳಿನಲ್ಲಿ ಏಳುತ್ತದೆ. ಆ ಟೈಲೂ ಒಂದು ಪ್ಲೇಟಿನಷ್ಟೇ ದಪ್ಪ, 18ರ ಲೆಕ್ಕದ ಎರಡು ಪ್ಲೇಟಿನಲ್ಲಿ ಒಂದು ಅದೇ. ಮರೆತು ಹೆಚ್ಚುವರಿಯಾಗಿ ಹಾಕಿದರೆ ಅಟ್ಟ ಪಕ್ಕದ ಮಾಡ್ಯೂಲಿನದಕ್ಕಿಂತ ಎತ್ತರ. ತೋಪಿನ ಕಂಡಿ ಎರಡು ಸ್ಟಡ್ ಅಗಲ ಸಾಕು. ಕೈಪಿಡಿಗೋಡೆ ಕಟ್ಟುವ ಮುಂಚೆ ತೋಪನ್ನು ಇಟ್ಟು ಅದರ ಬಾಯಿ ಕಂಡಿಯಿಂದ ಹೊರಗೆ ಇಣುಕುತ್ತದೆಯೇ ನೋಡಿ. ಬಾಯಿ ಗೋಡೆಯೊಳಗೇ ಉಳಿದರೆ ಆ ತೋಪು ಹೊಡೆಯುವುದು ತನ್ನ ಕೋಟೆಗೇ.

ಬಣ್ಣದ ವಿಷಯ ಬರಹದಲ್ಲಿ ಪೂರ್ತಿ ಬಿಟ್ಟುಹೋಗಿದೆ. ಲೆಗೋದ ತಿಳಿಬೂದು ಬಣ್ಣ 2004ರ ಸುಮಾರಿಗೆ ಬದಲಾಯಿತು. ಹಳೆಯದರಲ್ಲಿ ಹಳದಿ ಛಾಯೆ, ಹೊಸದರಲ್ಲಿ ನೀಲಿ ಛಾಯೆ. ಟ್ಯೂಬ್‌ಲೈಟಿನಲ್ಲಿ ಒಂದೇ ಎನಿಸುತ್ತದೆ, ಕಿಟಕಿಯ ಬೆಳಕಿನಲ್ಲಿ ಗೋಡೆಗೆ ತೇಪೆ ಹಾಕಿದಂತೆ. ಹೊಸ ಬೂದುವಿಗೆ ಕಂಪನಿ ಇಟ್ಟ ಹೆಸರು ‘ಮೀಡಿಯಂ ಸ್ಟೋನ್ ಗ್ರೇ’, ಬಿಡಿ ಇಟ್ಟಿಗೆ ಮಾರುವ ಬ್ರಿಕ್‌ಲಿಂಕ್ ತಾಣದಲ್ಲಿ ಅದೇ ಬಣ್ಣ ‘ಲೈಟ್ ಬ್ಲೂಯಿಶ್ ಗ್ರೇ’. ಇಬ್ಬರು ಎರಡು ಹೆಸರಲ್ಲಿ ಪಟ್ಟಿ ಮಾಡಿದರೆ ಒಂದೇ ಇಟ್ಟಿಗೆಯನ್ನು ಎರಡು ಸಲ ತರಿಸಿಕೊಳ್ಳುತ್ತಾರೆ. ಅದೇ ತಾಣದ ಉಚಿತ ಸ್ಟುಡಿಯೋ ತಂತ್ರಾಂಶದಲ್ಲಿ ಒಂದೇ ಕಡತವನ್ನು ಇಬ್ಬರೂ ಬಳಸಿ, ಬೇಕಾದ ತುಣುಕುಗಳ ಪಟ್ಟಿಯನ್ನು ಅದರಿಂದಲೇ ತೆಗೆಯಿರಿ. ಆಟಿಕೆಗಳ ಆಮದು ಸುಂಕವನ್ನು 2023ರ ಬಜೆಟ್ಟಿನಲ್ಲಿ ಶೇ 60ರಿಂದ 70ಕ್ಕೆ ಏರಿಸಿದ್ದನ್ನು ನೆನೆದರೆ, ತಪ್ಪಾಗಿ ತರಿಸಿದ ಬೂದು ಇಟ್ಟಿಗೆಯ ಬೆಲೆ ಏನೆಂದು ತಿಳಿಯುತ್ತದೆ. ನಮ್ಮ ಮಟ್ಟಿಗೆ ಕೊಕೀನಾ ಗೋಡೆಗೆ ಬೂದುವಿಗಿಂತ ಟ್ಯಾನ್ (ಮರಳಿನಂಥ ತಿಳಿಕಂದು) ಒಪ್ಪುತ್ತದೆ. ಇನ್ನೂ ನಿಖರವಾಗಿ ಬೇಕೆನ್ನುವವರಿಗೆ: ಸಾನ್ ಮಾರ್ಕೋಸ್‌ಗೆ ಆಗ ಬಿಳಿ ಗಾರೆ ಬಳಿದಿದ್ದರು, ಮೂಲೆಯ ಕಾವಲುಗೂಡುಗಳು ಕೆಂಪು. ಬಿಳಿ ಇಟ್ಟಿಗೆ ಬಿಸಿಲಿಗೆ ಹಳದಿಯಾಗುತ್ತದೆ, ಕಿಟಕಿಯ ಪಕ್ಕ ಇಡುವವರು ಟ್ಯಾನ್ ಕಡೆಗೇ ಹೋಗಲಿ.

ಬೇರೆ ಕಂಪನಿಗಳ ಅಗ್ಗದ ಇಟ್ಟಿಗೆ ಬೆರೆಸಬಹುದೇ ಎಂಬ ಪ್ರಶ್ನೆಗೆ ಬರಹದಲ್ಲಿ ‘ಧಾರಾಳವಾಗಿ’ ಎಂದಿದೆ. ಅಷ್ಟು ಧಾರಾಳ ಬೇಡ. ಹತ್ತು ಇಟ್ಟಿಗೆ ಒಂದರ ಮೇಲೊಂದು ಪೇರಿಸಿದರೆ ಸ್ಟಡ್ ಬಿಟ್ಟು 96 ಮಿ.ಮೀ. ಬರಬೇಕು. ಎರಡು ಕಂಪನಿಯ ಹತ್ತು ಹತ್ತನ್ನು ಪಕ್ಕಪಕ್ಕ ನಿಲ್ಲಿಸಿ ನೆತ್ತಿಗೆ ಒಂದು ಪ್ಲೇಟ್ ಅಡ್ಡ ಹಾಕಿ. ಅದು ಎರಡರ ಮೇಲೂ ಪೂರ್ತಿ ಕೂತರೆ ಬೆರೆಸಿ, ಇಲ್ಲದಿದ್ದರೆ ಆ ಇಟ್ಟಿಗೆ ಬಂಡೆಯೊಳಗಿನ ಕಂಬಕ್ಕೆ ಮಾತ್ರ, ಅದೂ ಒಂದು ಮಾಡ್ಯೂಲಿನ ಎಲ್ಲ ಕಂಬವೂ ಅದರದ್ದೇ ಆಗಿರಲಿ.

ಕೊನೆಯದಾಗಿ ಒಂದು ತಿದ್ದುಪಡಿ ಅಚ್ಚು ಮಾಡಬೇಕೆಂದು ಕೋರುತ್ತೇವೆ. 32 ಸ್ಟಡ್ ತಳಕ್ಕೆ 32 ಸೆಂಟಿಮೀಟರ್ ಪ್ಲೈವುಡ್ ಕತ್ತರಿಸಿಕೊಳ್ಳಿ ಎಂದು ಬರಹದಲ್ಲಿ ಅಚ್ಚಾಗಿದೆ. 32 ಸ್ಟಡ್ ಎಂದರೆ 25.6 ಸೆಂ.ಮೀ. ಮಾಡ್ಯೂಲನ್ನು ಬಸ್ಸಿನಲ್ಲೋ ಸ್ಕೂಟರಿನಲ್ಲೋ ಸಾಗಿಸಲು ಅಡಿಗೆ ಪ್ಲೈವುಡ್ ಬೇಕು, ನಿಜ, ಆದರೆ ಅದು ಮಾಡ್ಯೂಲಿಗಿಂತ ಒಂದು ಎಳೆಯಷ್ಟಾದರೂ ಚಿಕ್ಕದಿರಬೇಕು. 6 ಮಿ.ಮೀ. ದಪ್ಪದ ಹಲಗೆಯನ್ನು 25.4 ಸೆಂ.ಮೀ. ಚೌಕಕ್ಕೆ ಕೊಯ್ಸಿ, ನಾಲ್ಕನ್ನೂ ಒಂದೇ ಹಲಗೆಯಿಂದ, ದಪ್ಪದಲ್ಲಿ ಹೆಚ್ಚುಕಡಿಮೆ ಬಾರದ ಹಾಗೆ. ಹಲಗೆ ಅಂಚಿನಿಂದ ಹೊರಗೆ ಇಣುಕಿದರೆ ಹಲಗೆಗೆ ಹಲಗೆ ಮೊದಲು ಬಡಿಯುತ್ತದೆ, ಪಿನ್ ತೂತಿನವರೆಗೆ ಹೋಗುವುದೇ ಇಲ್ಲ.

ಇಂತಿ,
ಇಬ್ಬರು ಇಟ್ಟಿಗೆ ಜೋಡಿಸುವವರು
ಬೆಂಗಳೂರು